ಕಾಣಲಿಲ್ಲ, ಕೇಳಲಿಲ್ಲ, ಶಂಕೆ ಬರಲಿಲ್ಲ

*ಇಂದಿನ ಧಮ್ಮ ಚಿಂತನೆ*



ಸಮ್ಯಕ್ ಆಜೀವದ ಬಗ್ಗೆ ಓದುತ್ತಿರುವ ನಮ್ಮ ಗುಂಪಿನಲ್ಲಿ ಒಬ್ಬ ಯುವಕರು ಒಳ್ಳೆಯ ಪ್ರಶ್ನೆ ಎತ್ತಿದ್ದಾರೆ. ಉಪಾಸಕರು ಮಾಡಬಾರದ ಐದು ವ್ಯಾಪಾರಗಳನ್ನು ಭಗವಾನ್ ಬುದ್ಧರು ಹೇಳಿದ್ದಾರೆ: ಆಯುಧ, ಜೀವಿಗಳು, ಮಾಂಸ, ಮಾದಕ ವಸ್ತು, ವಿಷ. ಈ ಪಟ್ಟಿಯಲ್ಲಿ ಬಟ್ಟೆ ಇಲ್ಲ. ಹಾಗಾದರೆ ಬಟ್ಟೆ ಕಂಪನಿಯವರ ದುಡಿಮೆ ಸಮ್ಯಕ್ ಆಜೀವ ಆಯಿತಲ್ಲವೇ, ಅದರಲ್ಲಿ ಕೇಳುವುದಕ್ಕೇನಿದೆ ಎಂಬುದು ಅವರ ಪ್ರಶ್ನೆ.

ಮೊದಲು ಒಂದು ಪದದ ವಿಷಯ. ಪಟ್ಟಿಯ ಎರಡನೆಯದನ್ನು ಪಾಳಿಯಲ್ಲಿ 'ಸತ್ತ ವಣಿಜ್ಜ' ಎನ್ನುತ್ತಾರೆ. ಕನ್ನಡದ ಕಿವಿಗೆ ಇದು ಸತ್ತವರ ವ್ಯಾಪಾರದಂತೆ ಕೇಳುತ್ತದೆ. ಆದರೆ ಅದು ನಮ್ಮ 'ಸತ್ತ' ಅಲ್ಲ, ಸಂಸ್ಕೃತದ 'ಸತ್ತ್ವ'. ಬದುಕಿರುವ ಜೀವಿ ಎಂದರ್ಥ. ಹಳೆಯ ಅಟ್ಠಕಥೆ ಇದನ್ನು ಮನುಷ್ಯರನ್ನು ಮಾರುವುದು ಎಂದೇ ವಿವರಿಸುತ್ತದೆ. ಅಂದರೆ ಮಾರುವ ವಸ್ತು ಒಳ್ಳೆಯದೋ ಕೆಟ್ಟದ್ದೋ ಎಂದು ನೋಡಿದರೆ ಸಾಲದು, ಆ ವಸ್ತುವಿನ ಜೊತೆಗೆ ಮನುಷ್ಯರ ಬದುಕೂ ಮಾರಾಟವಾಗುತ್ತಿದೆಯೇ ಎಂದೂ ನೋಡಬೇಕು.

ಬಟ್ಟೆಯ ಬಗ್ಗೆ ವಿನಯ ಪಿಟಕದಲ್ಲಿ ಒಂದು ಸೊಗಸಾದ ಪ್ರಸಂಗವಿದೆ. ಕೋಸಂಬಿಯ ಉದೇನ ರಾಜನ ರಾಣಿಯರು ಭಂತೆ ಆನಂದರಿಗೆ ಐನೂರು ಚೀವರಗಳನ್ನು ದಾನ ಕೊಟ್ಟರು. ರಾಜನಿಗೆ ಸಿಟ್ಟು ಬಂತು. ಇಷ್ಟೊಂದು ಬಟ್ಟೆಯನ್ನು ಈ ಭಿಕ್ಷು ಏನು ಮಾಡುತ್ತಾನೆ, ಅಂಗಡಿ ಇಡುತ್ತಾನೆಯೇ ಎಂದು ಹೋಗಿ ಕೇಳಿದ. ಚೀವರ ಹರಿದುಹೋಗಿರುವ ಭಿಕ್ಷುಗಳಿಗೆ ಹಂಚುತ್ತೇವೆ ಎಂದರು ಆನಂದರು. ಹಳೆಯವನ್ನು? ಹೊದಿಕೆ ಮಾಡುತ್ತೇವೆ. ಹಳೆಯ ಹೊದಿಕೆ? ಹಾಸಿಗೆಯ ಹೊರಹೊದಿಕೆ. ಅದೂ ಹಳೆಯದಾದರೆ ನೆಲಹಾಸು, ಆಮೇಲೆ ಕಾಲೊರಸು, ಆಮೇಲೆ ಧೂಳು ಒರೆಸುವ ಬಟ್ಟೆ. ಕೊನೆಗೆ ಅದನ್ನು ಚೂರು ಮಾಡಿ ಮಣ್ಣಿನಲ್ಲಿ ಕಲಸಿ ನೆಲ ಸಾರಿಸುತ್ತೇವೆ. ರಾಜ ಸಂತೋಷಪಟ್ಟು ಇನ್ನೂ ಐನೂರು ಬಟ್ಟೆ ಕೊಟ್ಟ.

ಈ ಕತೆಯಲ್ಲಿ ರಾಜ ಕೇಳಿದ್ದು ಬಟ್ಟೆ ಎಲ್ಲಿಗೆ ಹೋಗುತ್ತದೆ ಎಂದು. ನಮ್ಮ ಕಾಲ ಕೇಳಬೇಕಾದ್ದು ಬಟ್ಟೆ ಎಲ್ಲಿಂದ ಬರುತ್ತದೆ ಎಂದು. ಆನಂದರು ಒಂದು ಚೂರು ಬಟ್ಟೆಯ ಕೊನೆಯವರೆಗೂ ಲೆಕ್ಕ ಕೊಟ್ಟರು. ಇಂದಿನ ದೊಡ್ಡ ಬಟ್ಟೆ ಕಂಪನಿಯನ್ನು ಅದರ ಅಂಗಿಯ ಮೊದಲ ಹೊಲಿಗೆ ಎಲ್ಲಿ ಬಿತ್ತು ಎಂದು ಕೇಳಿ ನೋಡಿ.

ಹೆಸರಾಂತ ಬ್ರ್ಯಾಂಡ್‌ಗಳಲ್ಲಿ ಹೆಚ್ಚಿನವಕ್ಕೆ ಸ್ವಂತ ಹೊಲಿಗೆ ಕಾರ್ಖಾನೆಯೇ ಇಲ್ಲ. ವಿನ್ಯಾಸ ಅವರದು, ಹೆಸರು ಅವರದು, ಅಂಗಡಿ ಅವರದು. ಹೊಲಿಯುವುದು ಬೇರೆ ದೇಶದ ಬೇರೆ ಕಂಪನಿ. ಅದು ಸ್ವಲ್ಪ ಕೆಲಸವನ್ನು ಉಪಗುತ್ತಿಗೆಗೆ ಕೊಡುತ್ತದೆ. ಬಟ್ಟೆ ಇನ್ನೊಂದು ಕಡೆ, ನೂಲು ಮತ್ತೊಂದು ಕಡೆ, ಹತ್ತಿ ಇನ್ನೆಲ್ಲೋ. ಇದಕ್ಕೆ ಸಪ್ಲೈ ಚೈನ್ ಎಂದು ಹೆಸರು, ಕನ್ನಡದಲ್ಲಿ ಪೂರೈಕೆ ಸರಪಳಿ. ಸರಪಳಿ ಎಂಬ ಮಾತು ನನಗೆ ಇಷ್ಟ. ಕೊಂಡಿಗೆ ಕೊಂಡಿ ಸೇರಿದ್ದಕ್ಕೂ ಅದೇ ಹೆಸರು, ಕಾಲಿಗೆ ಕಟ್ಟುವುದಕ್ಕೂ ಅದೇ ಹೆಸರು.

2013ರ ಏಪ್ರಿಲ್ 24. ಬಾಂಗ್ಲಾದೇಶದ ಢಾಕಾ ಹತ್ತಿರದ ಸಾವರ್. ಅಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡ. ಕೆಳಗೆ ಬ್ಯಾಂಕ್ ಮತ್ತು ಅಂಗಡಿಗಳು, ಮೇಲೆ ಐದು ಬಟ್ಟೆ ಕಾರ್ಖಾನೆಗಳು. ಹಿಂದಿನ ದಿನವೇ ಗೋಡೆ ಕಂಬಗಳಲ್ಲಿ ಬಿರುಕು ಕಾಣಿಸಿತ್ತು. ಬ್ಯಾಂಕಿನವರು ತಮ್ಮ ಸಿಬ್ಬಂದಿಯನ್ನು ಬರಬೇಡಿ ಎಂದು ಕಳಿಸಿದರು. ಅಂಗಡಿಗಳು ಮುಚ್ಚಿದವು. ಬಟ್ಟೆ ಹೊಲಿಯುವವರನ್ನು ಮಾತ್ರ ಮರುದಿನ ಬೆಳಿಗ್ಗೆ ಒಳಗೆ ಕಳಿಸಲಾಯಿತು. ಹೋಗಲು ಹಿಂಜರಿದವರಿಗೆ ಸಂಬಳ ಹೋಗುತ್ತದೆಂಬ ಬೆದರಿಕೆ. ಕರೆಂಟು ಹೋಗಿ ಮೇಲಿನ ಜನರೇಟರ್‌ಗಳು ಚಾಲೂ ಆದವು, ಒಂಬತ್ತು ಗಂಟೆಯ ಒಳಗೆ ಕಟ್ಟಡ ಕುಸಿಯಿತು. 1,134 ಜನ ಸತ್ತರು. ಎರಡು ಸಾವಿರಕ್ಕೂ ಹೆಚ್ಚು ಜನ ಗಾಯಗೊಂಡರು, ಅನೇಕರ ಕೈಕಾಲು ಹೋದವು.

ಒಂದೇ ಕಟ್ಟಡ, ಒಂದೇ ಬಿರುಕು. ಬ್ಯಾಂಕಿನವರ ಪ್ರಾಣಕ್ಕೆ ಒಂದು ಬೆಲೆ, ಹೊಲಿಗೆಯವರ ಪ್ರಾಣಕ್ಕೆ ಇನ್ನೊಂದು ಬೆಲೆ. ಹೊಲಿಗೆಯವರನ್ನೇ ಯಾಕೆ ಕಳಿಸಿದರು ಎಂದು ಕೇಳಿದರೆ ಉತ್ತರ ಕಾರ್ಖಾನೆಯ ಮಾಲೀಕನ ಕ್ರೌರ್ಯ ಒಂದರಲ್ಲೇ ಸಿಗುವುದಿಲ್ಲ. ಹಡಗು ಹತ್ತಿಸಬೇಕಾದ ಸರಕು, ತಪ್ಪಿದರೆ ದಂಡ, ಇಳಿಯುತ್ತಲೇ ಇರುವ ಬೆಲೆ, ಇವೆಲ್ಲ ಆ ಬೆಳಿಗ್ಗೆ ಬಾಗಿಲ ಬಳಿ ನಿಂತಿದ್ದವು. ಅವಶೇಷಗಳಲ್ಲಿ ಯುರೋಪ್, ಅಮೆರಿಕದ ಬ್ರ್ಯಾಂಡ್‌ಗಳ ಲೇಬಲ್‌ಗಳು ಸಿಕ್ಕವು. ಒಂದು ದೊಡ್ಡ ಕಂಪನಿ ಮೊದಲು ನಮಗೂ ಅಲ್ಲಿಗೂ ಸಂಬಂಧವಿಲ್ಲ ಎಂದು ಹೇಳಿ ನಂತರ ಇದೆ ಎಂದು ಒಪ್ಪಿಕೊಂಡಿತು. ಅಲ್ಲಿನ ಕೆಲವು ಕಾರ್ಖಾನೆಗಳಲ್ಲಿ ಮೊದಲೇ 'ಸಾಮಾಜಿಕ ಆಡಿಟ್' ಕೂಡ ನಡೆದಿತ್ತು. ಅದಕ್ಕೂ ಏಳು ತಿಂಗಳ ಹಿಂದೆ, 2012ರ ಸೆಪ್ಟೆಂಬರ್‌ನಲ್ಲಿ ಕರಾಚಿಯ ಬಟ್ಟೆ ಕಾರ್ಖಾನೆಯೊಂದರಲ್ಲಿ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಆ ಕಾರ್ಖಾನೆಗೆ ಕೆಲವೇ ವಾರಗಳ ಹಿಂದೆ ಸುರಕ್ಷತೆಯ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತ್ತು. ನೋಡದೆ ಸಹಿ ಹಾಕುವ ಇನ್ಸ್‌ಪೆಕ್ಷನ್ ಎಂದರೇನು ಎಂದು ಸರ್ಕಾರಿ ಶಾಲೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಈಗ ಧಮ್ಮದ ಕಡೆಯಿಂದ ಒಂದು ಕಷ್ಟದ ಪ್ರಶ್ನೆ ಬರುತ್ತದೆ. ಚೇತನವೇ, ಅಂದರೆ ಉದ್ದೇಶವೇ ಕಮ್ಮ ಎಂದರು ಬುದ್ಧರು. ದೂರದ ಕಂಪನಿಯ ಅಧಿಕಾರಿಗೆ ಯಾರನ್ನೂ ಕೊಲ್ಲುವ ಉದ್ದೇಶ ಇರಲಿಲ್ಲ. ಅಂಗಿ ಕೊಂಡವರಿಗಂತೂ ಇರಲೇ ಇಲ್ಲ. ಉದ್ದೇಶ ಇಲ್ಲದ ಮೇಲೆ ಕಮ್ಮ ಎಲ್ಲಿಂದ ಬಂತು? ವಕೀಲರ ಹಾಗೆ ವಾದಿಸುವವರಿಗೆ ಇದು ಬಹಳ ಅನುಕೂಲದ ಬಾಗಿಲು.

ಇದಕ್ಕೆ ಮಜ್ಝಿಮ ನಿಕಾಯದ ಜೀವಕ ಸುತ್ತವನ್ನು ಓದಬೇಕು. ವೈದ್ಯ ಜೀವಕ ಮಾಂಸದ ಬಗ್ಗೆ ಕೇಳುತ್ತಾನೆ. ಮೂರು ಸಂದರ್ಭದಲ್ಲಿ ಭಿಕ್ಷು ಮಾಂಸ ತಿನ್ನಬಾರದು ಎನ್ನುತ್ತಾರೆ ಬುದ್ಧರು: ತನಗಾಗಿ ಕೊಂದದ್ದನ್ನು ಕಂಡಿದ್ದರೆ, ಕೇಳಿದ್ದರೆ, ಅಥವಾ ಶಂಕೆ ಬಂದಿದ್ದರೆ. ಈ ಮೂರೂ ಇಲ್ಲದಿದ್ದರೆ ದೋಷವಿಲ್ಲ. ಇದನ್ನು ತಿಕೋಟಿ ಪರಿಶುದ್ಧಿ ಎನ್ನುತ್ತಾರೆ. ಕಂಪನಿಗಳು ಗೊತ್ತಿಲ್ಲದೆಯೇ ಆಡುತ್ತಿರುವುದು ಇದೇ ಮಾತು. ನಾವು ಕಾಣಲಿಲ್ಲ, ಕೇಳಲಿಲ್ಲ, ನಮಗೆ ಶಂಕೆಯೂ ಬರಲಿಲ್ಲ.

ಆದರೆ ಮೂರನೆಯದನ್ನು ಗಮನಿಸಿ. ಗೊತ್ತಿರಬೇಕು ಎಂದಿಲ್ಲ, ಶಂಕೆ ಇದ್ದರೆ ಸಾಕು. ಶಂಕೆ ಬಂದ ಮೇಲೂ ಕಣ್ಣು ಬೇರೆ ಕಡೆ ತಿರುಗಿಸಿಕೊಂಡರೆ ಅಲ್ಲಿ ಉದ್ದೇಶ ಇದೆ. ನೋಡದಿರುವ ಉದ್ದೇಶ. ಒಂದು ಅಂಗಿಗೆ ಕೊಡುವ ಬೆಲೆಯಲ್ಲಿ ಹತ್ತಿ, ನೂಲು, ಬಣ್ಣ, ಸಾಗಣೆ, ಲಾಭ ಎಲ್ಲವನ್ನೂ ಕಳೆದು ಉಳಿದದ್ದರಲ್ಲಿ ಒಬ್ಬ ತಾಯಿಯ ಸಂಬಳ ಹುಟ್ಟುವುದಿಲ್ಲ ಎಂದು ಲೆಕ್ಕ ಬಲ್ಲವರಿಗೆ ಕಾಣುತ್ತದೆ. ಆ ಲೆಕ್ಕವೇ ಶಂಕೆ. ರಾಣಾ ಪ್ಲಾಜಾ ಆದ ಮೇಲಂತೂ ಈ ಉದ್ಯಮದಲ್ಲಿ ಯಾರಿಗೂ ಶಂಕೆ ಬರಲಿಲ್ಲ ಎನ್ನುವ ಅವಕಾಶ ಉಳಿದಿಲ್ಲ.

ಅದೇ ಸುತ್ತದ ಕೊನೆಯ ಭಾಗವನ್ನು ನಾವು ಹೆಚ್ಚು ಓದುವುದಿಲ್ಲ. ತಥಾಗತರಿಗಾಗಿ ಪ್ರಾಣಿ ಕೊಲ್ಲಿಸುವವನಿಗೆ ಐದು ಹಂತಗಳಲ್ಲಿ ಅಕುಶಲ ಕಮ್ಮ ಸೇರುತ್ತದೆ ಎಂದು ಅಲ್ಲಿದೆ. ಮೊದಲ ಹಂತ ಯಾವುದು ಗೊತ್ತೇ? ಕತ್ತಿ ಹಿಡಿಯುವುದಲ್ಲ. 'ಹೋಗಿ ಆ ಪ್ರಾಣಿಯನ್ನು ತನ್ನಿ' ಎಂದು ಹೇಳುವುದು. ಆಗಿನ್ನೂ ಕೊಂದಿಲ್ಲ, ಹಗ್ಗವನ್ನೂ ಹಾಕಿಲ್ಲ. ಆರ್ಡರ್ ಕೊಟ್ಟಾಗಿದೆ, ಅಷ್ಟೇ. ಎರಡನೆಯ ಹಂತ, ಕುತ್ತಿಗೆಗೆ ಹಗ್ಗ ಹಾಕಿ ಎಳೆದು ತರುವಾಗ ಅದು ಪಡುವ ಸಂಕಟ. (ಇಲ್ಲಿ ಹೋಲಿಸುತ್ತಿರುವುದು ಪ್ರಾಣಿಗೂ ಕಾರ್ಮಿಕರಿಗೂ ಅಲ್ಲ, ಹೊಣೆ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಮಾತ್ರ.) ಭಿಕ್ಷುವಿಗೆ ಸಿಕ್ಕ ಮೂರು ವಿನಾಯಿತಿಗಳು ಬಟ್ಟಲು ಹಿಡಿದು ಬಾಗಿಲಲ್ಲಿ ಸುಮ್ಮನೆ ನಿಂತವನಿಗೆ. ಆತ ಇಂಥದ್ದೇ ಬೇಕು ಎನ್ನಲಿಲ್ಲ, ಬೆಲೆ ಕಟ್ಟಲಿಲ್ಲ, ತಾರೀಖು ಹೇಳಲಿಲ್ಲ. ಬ್ರ್ಯಾಂಡ್ ಈ ಮೂರನ್ನೂ ಮಾಡುತ್ತದೆ. ಇಷ್ಟು ಸಾವಿರ ಅಂಗಿ, ಇಷ್ಟು ಬೆಲೆಗೆ, ಇಂಥ ದಿನದೊಳಗೆ. ಭಿಕ್ಷುವಿನ ವಿನಾಯಿತಿ ಅದಕ್ಕೆ ಸಲ್ಲುವುದೇ ಇಲ್ಲ. ಅದು 'ತನ್ನಿ' ಎಂದವರ ಸಾಲಿನಲ್ಲಿ ನಿಲ್ಲುತ್ತದೆ.

ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ 2011ರಲ್ಲಿ ಒಪ್ಪಿದ ವ್ಯಾಪಾರ ಮತ್ತು ಮಾನವ ಹಕ್ಕುಗಳ ಮಾರ್ಗದರ್ಶಿ ತತ್ವಗಳೂ ಬೇರೆ ಭಾಷೆಯಲ್ಲಿ ಇದನ್ನೇ ಹೇಳುತ್ತವೆ. ಕಂಪನಿ ತನ್ನ ಕಚೇರಿಯೊಳಗೆ ಮಾತ್ರವಲ್ಲ, ತನ್ನ ವ್ಯಾಪಾರ ಸಂಬಂಧಗಳ ಮೂಲಕ ಆಗುವ ಹಾನಿಯನ್ನೂ ತಾನಾಗಿ ಹುಡುಕಿ, ತಡೆಯಬೇಕು. ಯಾರಾದರೂ ಬಂದು ತೋರಿಸುವವರೆಗೆ ಕಾಯುವಂತಿಲ್ಲ.

ಇದು ಢಾಕಾದ ಮಾತು ಮಾತ್ರವಲ್ಲ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ಅಲ್ಲಿಂದ ರಾಮನಗರ, ಮದ್ದೂರು, ಶ್ರೀರಂಗಪಟ್ಟಣದವರೆಗೆ ಲಕ್ಷಾಂತರ ಹೆಣ್ಣುಮಕ್ಕಳು 'ಗಾರ್ಮೆಂಟ್ಸ್‌ಗೆ' ಹೋಗುತ್ತಾರೆ. ನಮ್ಮ ತರಗತಿಯ ಹಲವು ಮಕ್ಕಳ ತಾಯಂದಿರು ಅವರೇ. ಪೋಷಕರ ಸಭೆಗೆ ಅವರು ಬರುವುದಿಲ್ಲ. ರಜೆ ಹಾಕಿದರೆ ಹಾಜರಾತಿ ಬೋನಸ್ ಹೋಗುತ್ತದೆ ಎಂದು ಮಕ್ಕಳು ಚೆನ್ನಾಗಿ ಬಲ್ಲರು. ಸಿಗಾಲೋವಾದ ಸುತ್ತದಲ್ಲಿ ಯಜಮಾನನಿಗೆ ಐದು ಕರ್ತವ್ಯಗಳನ್ನು ಹೇಳಿದೆ: ಶಕ್ತಿಗೆ ತಕ್ಕ ಕೆಲಸ ಕೊಡುವುದು, ಊಟ ಮತ್ತು ಸಂಬಳ ಕೊಡುವುದು, ಕಾಯಿಲೆಯಲ್ಲಿ ನೋಡಿಕೊಳ್ಳುವುದು, ವಿಶೇಷವಾದುದನ್ನು ಹಂಚಿಕೊಳ್ಳುವುದು, ಕಾಲಕಾಲಕ್ಕೆ ಬಿಡುವು ಕೊಡುವುದು. ಮೊದಲನೆಯದಾಗಿ ಹೇಳಿರುವುದು ಶಕ್ತಿಗೆ ತಕ್ಕ ಕೆಲಸವನ್ನು. ಗಾರ್ಮೆಂಟ್ಸ್‌ನಲ್ಲಿ ಗಂಟೆಗಿಷ್ಟು ಪೀಸು ಎಂಬ 'ಟಾರ್ಗೆಟ್' ಇರುತ್ತದೆ. ಅದು ಹೊಲಿಯುವವಳ ಶಕ್ತಿಯಿಂದ ಹುಟ್ಟಿದ ಅಂಕಿ ಅಲ್ಲ, ಹಡಗಿನ ತಾರೀಖಿನಿಂದ ಹಿಂದಕ್ಕೆ ಎಣಿಸಿದ ಅಂಕಿ.

ಒಂದು ಲೆಕ್ಕ ನೆನಪಿಡಬೇಕು. 2020ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ ಕನಿಷ್ಠ ವೇತನಕ್ಕೆ ತುಟ್ಟಿಭತ್ಯೆ ಸೇರಿ ತಿಂಗಳಿಗೆ 417 ರೂಪಾಯಿ ಹೆಚ್ಚಾಗಬೇಕಿತ್ತು. ಕಾರ್ಖಾನೆಗಳು ಕೊಡಲಿಲ್ಲ. ಸರ್ಕಾರವೂ ಅದನ್ನು ಮುಂದೂಡಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಕೊಡಬೇಕೆಂದಿತು, ಆದರೂ ನಾಲ್ಕು ಲಕ್ಷಕ್ಕೂ ಹೆಚ್ಚು ಗಾರ್ಮೆಂಟ್ಸ್ ಕಾರ್ಮಿಕರಿಗೆ ವರ್ಷ ಕಳೆದರೂ ಆ ಹಣ ಸಿಗಲಿಲ್ಲ. ಕಾರ್ಮಿಕ ಸಂಘಗಳು ಮತ್ತು ಹೊರದೇಶದ ಕಾರ್ಮಿಕ ಹಕ್ಕು ಸಂಸ್ಥೆಗಳು ಬ್ರ್ಯಾಂಡ್‌ಗಳ ಹೆಸರು ಹಿಡಿದು ಕೇಳಿದ ಮೇಲೆ 2022ರಲ್ಲಿ ಬಾಕಿ ಕೊಡಲು ಶುರುವಾಯಿತು. ಅಂಗಿಯ ಮೇಲೆ ಹೆಸರಿದ್ದವರನ್ನು ಕೇಳಿದಾಗಲೇ ಹಣ ಕದಲಿತು ಎಂಬುದು ಮುಖ್ಯ.

417 ರೂಪಾಯಿ ಸಣ್ಣ ಮೊತ್ತ ಎನ್ನುವವರು ಬಾಬಾಸಾಹೇಬರ ನೇತೃತ್ವದಲ್ಲಿ ರೂಪುಗೊಂಡ ಸಂವಿಧಾನದ 23ನೇ ವಿಧಿ ಓದಬೇಕು. ಬಿಟ್ಟಿ ಚಾಕರಿ ಮತ್ತು ಬಲವಂತದ ದುಡಿಮೆಯನ್ನು ಅದು ನಿಷೇಧಿಸುತ್ತದೆ. 1982ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್ ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸಿದರೆ ಅದು 23ನೇ ವಿಧಿ ಹೇಳುವ ಬಲವಂತದ ದುಡಿಮೆ, ಏಕೆಂದರೆ ಹಸಿವೂ ಒಂದು ಬಲವಂತವೇ. ಮತ್ತು ಅವರು ಗುತ್ತಿಗೆದಾರರ ಕೂಲಿಗಳು, ನಮ್ಮವರಲ್ಲ ಎಂದು ಕೆಲಸ ಮಾಡಿಸಿಕೊಂಡವರು ತಪ್ಪಿಸಿಕೊಳ್ಳುವಂತಿಲ್ಲ. ಎರಡನೆಯ ಮಾತನ್ನು ಬ್ರ್ಯಾಂಡ್‌ಗಳ ಕಚೇರಿಯ ಗೋಡೆಗೆ ಅಂಟಿಸಬೇಕು. ಪಂಚಶೀಲದ ಎರಡನೆಯ ಶೀಲವೂ ಇಲ್ಲಿಗೆ ಸೇರುತ್ತದೆ. ಕದಿಯುವುದಿಲ್ಲ ಎಂದು ನಾವು ಚುಟುಕಾಗಿ ಅರ್ಥ ಹೇಳಿಬಿಡುತ್ತೇವೆ. 'ಅದಿನ್ನಾದಾನ' ಎಂದರೆ ಕೊಡದಿದ್ದನ್ನು ತೆಗೆದುಕೊಳ್ಳುವುದು. ಸಂಬಳವಿಲ್ಲದ ಓವರ್‌ಟೈಮಿನ ಗಂಟೆಯನ್ನು ಆಕೆ ಕೊಟ್ಟಿರಲಿಲ್ಲ, ಅವರು ತೆಗೆದುಕೊಂಡರು.

ನಮ್ಮ ಜನಕ್ಕೆ ಈ ವಿಷಯ ಹೊಸದೇನಲ್ಲ. ಬಾಬಾಸಾಹೇಬರು ಮುಂಬೈಯ ಪರೇಲ್‌ನಲ್ಲಿ ಗಿರಣಿ ಕಾರ್ಮಿಕರ ನಡುವೆಯೇ ಚಾಳ್‌ನಲ್ಲಿ ವರ್ಷಗಟ್ಟಲೆ ಬದುಕಿದವರು. ಆ ಗಿರಣಿಗಳಲ್ಲಿ ಹೆಚ್ಚು ಕೂಲಿ ಸಿಗುತ್ತಿದ್ದ ನೇಯ್ಗೆ ವಿಭಾಗಕ್ಕೆ ಅಸ್ಪೃಶ್ಯರಿಗೆ ಪ್ರವೇಶ ಇರಲಿಲ್ಲ. ಕಾರಣ, ಲಾಳಿಯಲ್ಲಿ ನೂಲು ಮುಗಿದಾಗ ಹೊಸ ಎಳೆಯನ್ನು ಬಾಯಿಂದ ಹೀರಿ ಎಳೆಯಬೇಕಿತ್ತು. ಅಸ್ಪೃಶ್ಯರ ಬಾಯಿ ತಗುಲಿದ ಲಾಳಿಯನ್ನು ಸವರ್ಣ ಕಾರ್ಮಿಕರು ಮುಟ್ಟುತ್ತಿರಲಿಲ್ಲ. 1928ರ ದೊಡ್ಡ ಮುಷ್ಕರದ ಹೊತ್ತಿನಲ್ಲಿ ಈ ಅನ್ಯಾಯವನ್ನೂ ಬೇಡಿಕೆಗಳ ಪಟ್ಟಿಗೆ ಸೇರಿಸಿ ಎಂದು ಬಾಬಾಸಾಹೇಬರು ಪಟ್ಟು ಹಿಡಿದರು. 1938ರಲ್ಲಿ ಮನ್ಮಾಡ್‌ನಲ್ಲಿ ರೈಲ್ವೆ ಕಾರ್ಮಿಕರ ಮುಂದೆ ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ನಮ್ಮ ಶತ್ರುಗಳು ಎಂದದ್ದು ಈ ಅನುಭವದ ಮೇಲೆಯೇ. ಅವತ್ತು ನಮ್ಮವರ ಎಂಜಲು ತಗುಲಿದ ನೂಲು ಬೇಡವಾಗಿತ್ತು. ಇವತ್ತು ನಮ್ಮ ಹೆಣ್ಣುಮಕ್ಕಳು ಹೊಲಿದ ಅಂಗಿ ಬೇಕು, ಅವರ ಜೊತೆ ಸಂಬಂಧ ಬೇಡ. ಕೆಲಸ ಮಾಡಿಸಿಕೊಳ್ಳಬೇಕು, ಮುಟ್ಟಬಾರದು, ನಡುವೆ ಒಬ್ಬ ದಲ್ಲಾಳಿ ಇರಬೇಕು. ಈ ಏರ್ಪಾಡು ಹಳ್ಳಿಯಲ್ಲಿ ನೋಡಿದವರಿಗೆ ಜಗತ್ತಿನ ಮಾರುಕಟ್ಟೆಯಲ್ಲೂ ಗುರುತು ಸಿಗುತ್ತದೆ. ಶ್ರೇಣೀಕೃತ ಅಸಮಾನತೆ ಎಂದು ಬಾಬಾಸಾಹೇಬರು ಹೆಸರಿಟ್ಟದ್ದು ಜಾತಿಗೆ. ಬ್ರ್ಯಾಂಡು ಕಾರ್ಖಾನೆಯನ್ನು, ಕಾರ್ಖಾನೆ ಸೂಪರ್‌ವೈಸರನ್ನು, ಸೂಪರ್‌ವೈಸರ್ ಹೊಲಿಯುವವಳನ್ನು ಅದುಮುವ ಸರಪಳಿಗೂ ಆ ಹೆಸರು ಒಪ್ಪುತ್ತದೆ.

ತಮಿಳುನಾಡಿನ ನೂಲಿನ ಗಿರಣಿಗಳಲ್ಲಿ 'ಸುಮಂಗಲಿ' ಎಂಬ ಯೋಜನೆ ಇತ್ತು. ಬಡ, ಅದರಲ್ಲೂ ದಲಿತ ಕುಟುಂಬಗಳ ಹುಡುಗಿಯರನ್ನು ಮೂರು ವರ್ಷ ಹಾಸ್ಟೆಲ್‌ನಲ್ಲಿಟ್ಟು ದುಡಿಸಿ, ಕೊನೆಗೆ ಮದುವೆ ಖರ್ಚಿಗೆಂದು ಒಂದು ಮೊತ್ತ ಕೊಡುವುದು. ಮಧ್ಯದಲ್ಲಿ ಬಿಟ್ಟರೆ ಆ ಮೊತ್ತ ಹೋಯಿತು. ಅವಳದೇ ಸಂಬಳ ತಡೆಹಿಡಿದು ಅದಕ್ಕೆ ಸುಮಂಗಲಿ ಎಂದು ಹೆಸರಿಟ್ಟವರ ಭಾಷಾಜ್ಞಾನವನ್ನು ಮೆಚ್ಚಬೇಕು!

2021ರ ಜನವರಿಯಲ್ಲಿ ದಿಂಡಿಗಲ್ ಜಿಲ್ಲೆಯ ಬಟ್ಟೆ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಇಪ್ಪತ್ತರ ಹರೆಯದ ದಲಿತ ಯುವತಿಯ ಕೊಲೆಯಾಯಿತು. ಅದೇ ಕಾರ್ಖಾನೆಯ ಸೂಪರ್‌ವೈಸರನನ್ನು ಪೊಲೀಸರು ಬಂಧಿಸಿದರು. ಆತ ಅವಳನ್ನು ಪೀಡಿಸುತ್ತಿದ್ದ ಎಂದು ಮನೆಯವರೂ ಸಹಕಾರ್ಮಿಕರೂ ಹೇಳಿದರು. ಹೀಗೆ ಕಣ್ಮರೆಯಾಗುವ ಸುದ್ದಿಗಳು ಎಷ್ಟೋ ಇವೆ. ಇದು ಆಗಲಿಲ್ಲ, ಏಕೆಂದರೆ ಅವಳು ದಲಿತ ಮಹಿಳೆಯರೇ ಮುನ್ನಡೆಸುವ ಕಾರ್ಮಿಕ ಸಂಘದ ಸದಸ್ಯೆಯಾಗಿದ್ದಳು. ಆ ಸಂಘ ಬಿಡಲಿಲ್ಲ. 2022ರ ಏಪ್ರಿಲ್‌ನಲ್ಲಿ ದಿಂಡಿಗಲ್ ಒಪ್ಪಂದ ಆಯಿತು. ಕಾರ್ಖಾನೆಯ ಕಂಪನಿ ಸಹಿ ಹಾಕಿತು, ಬ್ರ್ಯಾಂಡ್ ಆದ ಎಚ್ ಅಂಡ್ ಎಂ ಕೂಡ ಕಾನೂನಿನಂತೆ ಬದ್ಧವಾಗುವ ಸಹಿ ಹಾಕಿತು. ಹೆಣ್ಣೆಂಬ ಕಾರಣಕ್ಕೆ ಮಾತ್ರವಲ್ಲ, ಜಾತಿಯ ಕಾರಣಕ್ಕೆ ಆಗುವ ಕಿರುಕುಳವೂ ಅದರ ವ್ಯಾಪ್ತಿಯಲ್ಲಿತ್ತು. ಕಾರ್ಮಿಕ ಮಹಿಳೆಯರೇ ತರಬೇತಿ ಪಡೆದು ಮಹಡಿಯಲ್ಲಿ ನಿಗಾ ಇಡುವ ಏರ್ಪಾಡು ಅದರಲ್ಲಿತ್ತು. ಕಾರ್ಖಾನೆ ಮಾತು ತಪ್ಪಿದರೆ ಬ್ರ್ಯಾಂಡ್ ವ್ಯಾಪಾರದ ಮೂಲಕವೇ ಕ್ರಮ ತೆಗೆದುಕೊಳ್ಳಬೇಕಿತ್ತು. ರಾಣಾ ಪ್ಲಾಜಾ ನಂತರ 200ಕ್ಕೂ ಹೆಚ್ಚು ಬ್ರ್ಯಾಂಡ್‌ಗಳು ಸಹಿ ಮಾಡಿದ ಬಾಂಗ್ಲಾದೇಶದ ಅಗ್ನಿ ಮತ್ತು ಕಟ್ಟಡ ಸುರಕ್ಷತಾ ಒಪ್ಪಂದದ ಬಲವೂ ಇದರಲ್ಲೇ ಇತ್ತು. ಕಾರ್ಮಿಕ ಸಂಘ ಎದುರು ಕೂತಿರಬೇಕು, ಸಹಿ ಮುರಿದರೆ ಉತ್ತರ ಹೇಳಬೇಕು. ಕಂಪನಿ ತಾನೇ ಬರೆದುಕೊಂಡ ಚಂದದ ನೀತಿಸಂಹಿತೆಗೂ ಇದಕ್ಕೂ ಇರುವ ವ್ಯತ್ಯಾಸ ದಯೆಗೂ ಹಕ್ಕಿಗೂ ಇರುವಷ್ಟೇ.

ಹಾಗಾದರೆ ಇಂಥ ಬಟ್ಟೆ ಕೊಳ್ಳುವುದನ್ನೇ ಬಿಡೋಣ ಎಂದು ಕೆಲವರು ಹೇಳಬಹುದು. ನನಗೆ ಅದು ಸರಿ ಕಾಣುವುದಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಎಷ್ಟೋ ಬ್ರ್ಯಾಂಡ್‌ಗಳು ಹೊಲಿದು ಮುಗಿಸಿದ ಸರಕಿಗೂ ಹಣ ಕೊಡದೆ ಆರ್ಡರ್ ರದ್ದು ಮಾಡಿದವು. ಅದರಿಂದ ಯಾವ ಕಾರ್ಮಿಕಳಿಗೂ ಬಿಡುಗಡೆ ಆಗಲಿಲ್ಲ. ಅದೇ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಕಾರ್ಖಾನೆಯೊಂದು ಆರ್ಡರ್ ಇಲ್ಲವೆಂದು ಸಾವಿರಕ್ಕೂ ಹೆಚ್ಚು ಜನರನ್ನು ಮನೆಗೆ ಕಳಿಸಿದಾಗ ಹೆಣ್ಣುಮಕ್ಕಳು ವಾರಗಟ್ಟಲೆ ಅಲ್ಲೇ ಧರಣಿ ಕೂತರು. ಸಂಘ ಕಟ್ಟಿದ್ದಕ್ಕೇ ಈ ಶಿಕ್ಷೆ ಎಂದು ಅವರ ಆರೋಪ. ಅವರು ಕೇಳಿದ್ದು ಕೆಲಸವೂ ಇರಲಿ, ಸಂಘವೂ ಇರಲಿ ಎಂದು. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವುದಕ್ಕೆ ಕೇಂದ್ರ ಹಾಕಿದ ನಿರ್ಬಂಧದ ವಿರುದ್ಧ ಬೆಂಗಳೂರಿನ ರಸ್ತೆಗಿಳಿದು ಎರಡೇ ದಿನದಲ್ಲಿ ಅದನ್ನು ವಾಪಸ್ ತೆಗೆಸಿದವರೂ ಇವರೇ. ಅವರಿಗೆ ನಮ್ಮ ಅನುಕಂಪ ಬೇಕಿಲ್ಲ, ಬೆನ್ನಿಗೆ ನಿಲ್ಲುವ ಜನ ಬೇಕು. ಅವರ ಪಾಡು ಹಿಂದಿನ ಜನ್ಮದ ಕರ್ಮ ಎನ್ನುವವರು ಈಗ ನಮ್ಮ ಗುಂಪಿನಲ್ಲಿ ಇರಲಾರರು. ಬಡವರ ಸ್ಥಿತಿಗೆ ಹೊಣೆ ಹೊರುವುದರಿಂದ ಸಮಾಜ, ಸರ್ಕಾರ ತಪ್ಪಿಸಿಕೊಳ್ಳುವ ಉಪಾಯ ಅದು ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ತೋರಿಸಿಕೊಟ್ಟಿದ್ದಾರೆ.

ಇನ್ನು ನಮ್ಮ ಮನೆಯ ಮಾತು. ಪ್ರತಿ ವರ್ಷ ಏಪ್ರಿಲ್ 14ಕ್ಕೆ ಊರೂರಿನ ಸಂಘಗಳು ಬಾಬಾಸಾಹೇಬರ ಚಿತ್ರದ ಟೀ ಶರ್ಟ್ ಮಾಡಿಸುತ್ತವೆ. ಧಮ್ಮ ದೀಕ್ಷೆಯ ದಿನಕ್ಕೆ ಬಿಳಿ ಸೀರೆ, ಬಿಳಿ ಅಂಗಿ ಸಗಟು ಕೊಳ್ಳುತ್ತೇವೆ. ಇನ್ನೂರು ಪೀಸು, ರೇಟು ಇನ್ನೂ ಇಳಿಸಿ, ಹನ್ನೆರಡನೇ ತಾರೀಖಿಗೆ ಕೈಗೆ ಸಿಗಬೇಕು. ಆ ಫೋನ್ ಮಾಡುವ ಹೊತ್ತಿನಲ್ಲಿ ನಾವೂ ಒಂದು ಪುಟ್ಟ ಬ್ರ್ಯಾಂಡು. ಬಟ್ಟಲು ಹಿಡಿದು ನಿಂತವರಲ್ಲ.

ಈ ಸಲ ಆರ್ಡರ್ ಕೊಡುವ ಜವಾಬ್ದಾರಿ ಇರುವವರು ಒಂದು ತಿಂಗಳು ಮೊದಲೇ ಕೊಡಿ. ಮುದ್ರಣದ ಅಂಗಡಿಯವರನ್ನು ಟೀ ಶರ್ಟ್ ಎಲ್ಲಿಂದ ತರಿಸುತ್ತೀರಿ, ತಿರುಪ್ಪೂರಿನ ಯಾವ ಘಟಕ, ಅಲ್ಲಿ ಪಿಎಫ್, ಇಎಸ್ಐ ಇದೆಯೇ ಎಂದು ಕೇಳಿ. ಗೊತ್ತಿಲ್ಲ ಎನ್ನಬಹುದು, ನಗಲೂಬಹುದು. ವಿಚಾರಿಸಿ ಹೇಳಿ, ಕಾಯುತ್ತೇವೆ ಎನ್ನಿ. ನಮ್ಮ ಗುಂಪಿನಲ್ಲೇ ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕಂದಿರು ಆರೇಳು ಜನ ಇದ್ದಾರೆ. ಸಂಬಳದ ಚೀಟಿಯಲ್ಲಿ ಏನೇನು ನೋಡಬೇಕು ಎಂಬುದನ್ನು ಭಾನುವಾರ ಅವರೇ ಹೇಳಿಕೊಡಲು ಒಪ್ಪಿದ್ದಾರೆ. ಬರುವವರು ಜೀವಕ ಸುತ್ತವನ್ನು ಒಮ್ಮೆ ಓದಿಕೊಂಡು ಬನ್ನಿ, ತುಂಬ ಚಿಕ್ಕದು, ಅರ್ಧ ಗಂಟೆ ಸಾಕು.

ಜೈ ಭೀಮ್. ನಮೋ ಬುದ್ಧಾಯ. 🙏